ಬಾಯಿ ಇಲ್ಲದ ಹಲ್ಲು, ನಮ್ಮಾಕಿ ಪುಡಿ

ಹಲ್ಲು ಇದ್ದಲ್ಲಿ ನಗೆ ಇರೋದೇ. ನಾನು ಕೆಲಸ ಮಾಡುವ ಜಾಗದಲ್ಲಿ ಬರಣಿ ತುಂಬ ಹಲ್ಲು. ಹಿಂಗಾಗಿ ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಲ್ಯಾಬು. ಪೇಸ್ಟು ಹಲ್ಲನ್ನು ಎಷ್ಟು ಸವೆಸುತ್ತದೆ ಅಂತ ಅಳೆಯುವುದು ಅಲ್ಲಿಯ ಕೆಲಸ. ಪೇಸ್ಟಿನಲ್ಲಿ ಸಣ್ಣ ಪುಡಿ ಇರುತ್ತದೆ. ಅದು ಕೊಳೆ ತೆಗೆಯುತ್ತದೆ. ಒರಟಾದರೆ ಹಲ್ಲನ್ನೂ ತೆಗೆಯುತ್ತದೆ. ಎಷ್ಟು ತೆಗೆಯುತ್ತದೆ ಅಂತ ನೋಡಬೇಕು.

ದವಾಖಾನೆಯಲ್ಲಿ ಕಿತ್ತ ಹಲ್ಲು ತರುತ್ತೇವೆ. ಅಂಟಿನ ಬಿಲ್ಲೆಯಲ್ಲಿ ಕೂಡಿಸುತ್ತೇವೆ. ಅರ್ಧ ಹಲ್ಲಿಗೆ ಟೇಪು ಹಚ್ಚುತ್ತೇವೆ. ಉಳಿದ ಅರ್ಧವನ್ನು ಬ್ರಶ್ಶಿನ ಯಂತ್ರ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ ತಿಕ್ಕುತ್ತದೆ. ಪೇಸ್ಟು ನೀರಿನಲ್ಲಿ ಕಲಸಿ ಹಾಕುವವನು ನಾನು. ತಿಕ್ಕಿದ ಮೇಲೆ ಟೇಪು ಕಿತ್ತು ಹಲ್ಲನ್ನು ಸೂಜಿ ಯಂತ್ರದ ಕೆಳಗೆ ಇಡುತ್ತಾರೆ. ಸೂಜಿ ಹಲ್ಲಿನ ಮೇಲೆ ಇರುವೆಯ ಹಾಗೆ ನಡೆಯುತ್ತದೆ. ಎಲ್ಲಿ ತಗ್ಗು, ಎಲ್ಲಿ ದಿನ್ನೆ ಅಂತ ಕಂಪ್ಯೂಟರಿನಲ್ಲಿ ಗೆರೆ ಬರುತ್ತದೆ. ಟೇಪು ಇದ್ದ ಕಡೆಗಿಂತ ತಿಕ್ಕಿದ ಕಡೆ ಎಷ್ಟು ತಗ್ಗೋ, ಪೇಸ್ಟು ಅಷ್ಟು ಒರಟು. ಇಷ್ಟೇ.

ಲ್ಯಾಬಿನಲ್ಲಿ ನಡೆದದ್ದನ್ನೆಲ್ಲ ಸಂಜೆ ಮನೆಗೆ ಹೋಗಿ ನಮ್ಮಾಕಿಗೆ, ಅಂದರೆ ನನ್ನ ಹೆಂಡತಿಗೆ, ಹೇಳುತ್ತಿದ್ದೆ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮನೆ. ಆಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ನಗು ಬಂದರೆ ಬಡಿಯುವುದು ನಿಲ್ಲುತ್ತಿತ್ತು. ಆಕೆ ಹೋಗಿ ವರ್ಷ ಆಗುತ್ತ ಬಂತು. ಈಗ ಹೇಳಲಿಕ್ಕೆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೆ ನಿಮಗೆ ಹೇಳುತ್ತೇನೆ.

ನಡುನಡುವೆ ಆಕೆ ಬರುತ್ತಾಳೆ. ಆಕೆಯ ಹಲ್ಲುಪುಡಿ ಡಬ್ಬಿಯೂ ಬರುತ್ತದೆ. ಆ ಪುಡಿಯ ಮೇಲೆ ನಮ್ಮಿಬ್ಬರಿಗೂ ಒಂದು ಜಗಳ ಇತ್ತು. ತೀರುವ ಮೊದಲೇ ಆಕೆ ಹೋದಳು.

ಕೆಲಸಾ ಏನ್ರಿ?

ಬಸ್ಸಿನಲ್ಲಿ ಬರುತ್ತಿದ್ದೆ. ಬಾಜೂಕೆ ಒಬ್ಬ ಯಜಮಾನರು. ಅವರ ಆಚೆ ಅವರ ಹೆಂಡತಿ. ಯಜಮಾನರಿಗೆ ಮಾತು ಬೇಕಿತ್ತು.

"ಕೆಲಸಾ ಏನ್ರಿ?"

"ಹಲ್ಲು ತಿಕ್ಕೋದ್ರಿ."

"ಅದನ್ನ ನಾವೂ ಮಾಡ್ತೇವಿ. ಹೊಟ್ಟಿಪಾಡಿಗೆ ಏನ್ ಮಾಡ್ತೀರಿ?"

"ಹಲ್ಲು ತಿಕ್ಕತೇನ್ರಿ."

"ಯಾರವು?"

"ಗೊತ್ತಿಲ್ರಿ."

ಯಜಮಾನರು ಸ್ವಲ್ಪ ಸರಿದು ಕೂತರು. ನಾನು ಮಾತಿನವನಲ್ಲ. ಆದರೂ ಯಂತ್ರ, ಬಿಲ್ಲೆ, ಟೇಪು ಎಲ್ಲ ಬಿಡಿಸಿ ಹೇಳಿದೆ. ನವಲೂರು ದಾಟುವತನಕ ಹೇಳಿದೆ.

"ಅದಕ್ಕ ಪಗಾರ ಕೊಡ್ತಾರ?" ಅಂದರು.

"ಕೊಡ್ತಾರ್ರಿ."

ಅವರ ಹೆಂಡತಿ ಮುಂದಕ್ಕೆ ಬಾಗಿದರು.

"ಅಣ್ಣಾರ, ಇವ್ರಿಗೂ ಅಲ್ಲೇ ಒಂದು ಕೆಲಸ ನೋಡ್ರಿ. ಮುಂಜಾನೆ ಬಾಯಾಗ ಬ್ರಶ್ ಇಟಗೊಂಡು ಬಾಗಲದಾಗ ನಿಂತ್ರ ಓಣಿ ಸುದ್ದಿ ಎಲ್ಲಾ ಮುಗಿಯೂತನಕ ತಿಕ್ಕತಾರ. ಅನುಭವ ಭಾಳ ಐತಿ."

ಗಟ್ಟಿ ರೊಟ್ಟಿ

ದೇಶಪಾಂಡೆ ನಗರದಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದಾರೆ. ಕಿತ್ತ ಹಲ್ಲನ್ನು ಔಷಧಿ ನೀರು ಹಾಕಿ ನಮಗೆ ಇಟ್ಟಿರುತ್ತಾರೆ. ಬರಣಿ ತುಂಬಿದಾಗ ನಾನು ಹೋಗಿ ತರಬೇಕು.

ಒಂದು ದಿನ ಹೋದಾಗ ಡಾಕ್ಟರು ಹಳಹಳಿಸುತ್ತಿದ್ದರು.

"ಇವತ್ತ ಒಂದು ಅಗದಿ ಛಲೋ ಹಲ್ಲು ಕೈ ತಪ್ಪಿ ಹೋತು. ಅಜ್ಜಿ ಒಬ್ಬಾಕಿ. ಕೊಡವಾ ಅಂದ್ರ, ರೊಕ್ಕಾ ಕೊಟ್ಟು ಕೀಳಿಸೇನಿ, ನಿಮಗ್ಯಾಕ ಬಿಡ್ಲಿ ಅಂದು ಸೆರಗಿನ ಗಂಟಿಗೆ ಹಾಕ್ಕೊಂಡು ಹೋದ್ಲು."

ಬರಣಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಾಜೂಕೆ ಒಬ್ಬ ಅಜ್ಜಿ. ಗಲ್ಲ ಊದಿತ್ತು. ಬಾಯಲ್ಲಿ ಹತ್ತಿ. ನನಗೆ ತಿಳಿಯಿತು.

ಬಸ್ಸು ಕುಲುಕಿತು. ಚೀಲದಲ್ಲಿ ಹಲ್ಲುಗಳು ಕಿಲಕಿಲ ಅಂದವು. ಅಜ್ಜಿ ಚೀಲ ನೋಡಿದಳು. ನನ್ನ ನೋಡಿದಳು. ಹತ್ತಿ ತೆಗೆದಳು.

"ಏನಪಾ ಅವು?"

"ಹಲ್ಲಬೇ."

"ಇಷ್ಟೂ ನಿನ್ನವ?"

"ಅಲ್ಲಬೇ. ಮಂದೀವು." ನಮ್ಮ ಕೆಲಸ ಏನು ಅಂತ ಹೇಳಿದೆ. ಅಜ್ಜಿ ಲಕ್ಷ್ಯಗೊಟ್ಟು ಕೇಳಿದಳು. ಸೆರಗಿನ ಗಂಟು ಬಿಚ್ಚಿದಳು. ಹಲ್ಲು ಅಂಗೈ ಮೇಲೆ ಇಟ್ಟಳು. ದೊಡ್ಡ ದವಡೆ ಹಲ್ಲು. ಡಾಕ್ಟರು ಹಳಹಳಿಸಿದ್ದು ಸುಳ್ಳಲ್ಲ.

"ಸೆಗಣ್ಯಾಗ ಇಟ್ಟು ಮಾಳಗಿ ಮ್ಯಾಲ ಒಗೀಬೇಕಂತ ಇದ್ದೆ. ಬರೇ ಜ್ವಾಳದ ರೊಟ್ಟಿ ತಿಂದ ಹಲ್ಲಪಾ ಇದು. ನಿಮ್ಮ ಯಂತ್ರಕ್ಕ ಆಗೂದಿಲ್ಲ, ಯಂತ್ರ ಸವೀತೈತಿ. ಬೇಕಂದ್ರ ಒಯ್ಯಿ. ಆದ್ರ ಆ ಬರಣ್ಯಾಗ ಹಾಕಬ್ಯಾಡ. ಅದರಾಗ ತಂಬಾಕ ತಿಂದವ್ರ ಹಲ್ಲು ಇರ್ತಾವ. ನನ್ನ ಹಲ್ಲು ಅವ್ರ ಕೂಡ ಕುಂದ್ರೂದಿಲ್ಲ."

ಬೇರೆ ಎಲ್ಲಿಡಲಿ? ಕಾಗದದಲ್ಲಿ ಸುತ್ತಿ ಖಾಲಿ ಊಟದ ಡಬ್ಬಿಯಲ್ಲಿ ಇಟ್ಟೆ. ಅಜ್ಜಿಗೆ ಸಮಾಧಾನ ಆಯಿತು. ನನಗೆ ಮರೆತುಹೋಯಿತು.

ಮನೆಯಲ್ಲಿ ನಮ್ಮಾಕಿ ಡಬ್ಬಿ ತೊಳೆಯಲು ಬಿಚ್ಚಿದಳು. ಕಾಗದ ಬಿಚ್ಚಿದಳು. ಹಲ್ಲು ಮೋರಿ ಕಲ್ಲಿನ ಮೇಲೆ ಟಣ್ ಅಂತ ಬಿತ್ತು. ಆಕೆ ಕಿರುಚಿದ್ದು ಓಣಿಗೆಲ್ಲ ಕೇಳಿತು.

"ಏನ್ರಿ ಇದು! ನಿಮ್ಮ ಡಬ್ಬ್ಯಾಗ ಹಲ್ಲ ಬಂದೈತಿ!"

ನನ್ನ ಮಾತು ನಿಧಾನ. ವಿಚಾರ ಮಾಡಿ ಹೇಳಿದೆ.

"ನಿನ್ನ ರೊಟ್ಟಿ ಇವತ್ತ ಸಲ್ಪ ಗಟ್ಟಿ ಆಗಿತ್ತು."

ಆಕೆ ನನ್ನ ಬಾಯಿ ತೆರೆಸಿ ಎಲ್ಲ ಹಲ್ಲು ಎಣಿಸಿದಳು. ಆಮೇಲೆ ಖರೇ ಹೇಳಿದೆ. ಮೊದಲು ಸಿಟ್ಟಾದಳು. ಆಮೇಲೆ ಮೋರಿಯ ಹತ್ತಿರವೇ ಕೂತು ನಕ್ಕಳು. ನಕ್ಕು ಮುಗಿಸಿ ವಕೀಲರ ಹಾಗೆ ವಾದ ಮಾಡಿದಳು.

"ರಾತ್ರಿ ಬಿಸಿ ತಿಂದಾಗ ಗಟ್ಟಿ ಅನ್ನೂದಿಲ್ಲ. ಡಬ್ಬ್ಯಾಗ ಕುಂತು ಧಾರವಾಡ ದಾಟಿದ ಮ್ಯಾಲ ಗಟ್ಟಿ. ತಪ್ಪು ರೊಟ್ಟೀದಲ್ಲ, ನಿಮ್ಮ ಕೆಲಸದ್ದು. ಒಂದು ದಿನ ರಜಾ ಹಾಕ್ರಿ. ಮಧ್ಯಾಹ್ನ ಮನ್ಯಾಗ ಕುಂತು ತಿನ್ರಿ."

"ಹಬ್ಬಕ್ಕ ಇರ್ತೇನಲ್ಲ."

"ಹಬ್ಬದ ದಿನ ಎಲ್ಲಾರ ಗಂಡಂದಿರೂ ಮನ್ಯಾಗ ಇರ್ತಾರ. ಕೆಲಸದ ದಿನ ಇದ್ರ ಅದು ನನಗಂತ ಇದ್ದಂಗ."

ನಾನು ರಜೆ ಹಾಕುವ ಮನುಷ್ಯ ಅಲ್ಲ. ಹೂಂ ಅಂದೆ. ಮರುದಿನ ಡಬ್ಬಿ ಬಿಚ್ಚಿದರೆ ರೊಟ್ಟಿ ಇಲ್ಲ. ಮೊಸರನ್ನ. ಮೇಲೆ ಒಂದು ಚೀಟಿ. 'ಹಲ್ಲಿಲ್ಲದವರಿಗೆ.'

ನಾಚಿಕೆ ಇಲ್ಲದ ಯಂತ್ರ

ಈಗ ಪುಡಿಯ ಸುದ್ದಿ.

ನಮ್ಮಾಕಿ ಪೇಸ್ಟು ಮುಟ್ಟಿದವಳಲ್ಲ. ಭತ್ತದ ಹೊಟ್ಟು ಸುಟ್ಟು ಬೂದಿ ಮಾಡುತ್ತಿದ್ದಳು. ಉಪ್ಪು, ಪಟಕ, ಲವಂಗ ಕುಟ್ಟಿ ಕೂಡಿಸುತ್ತಿದ್ದಳು. ನನ್ನ ಹಳೇ ಧೋತರದಲ್ಲಿ ಜರಡಿ ಹಿಡಿಯುತ್ತಿದ್ದಳು. ಬಟ್ಟಿಗೆ, ಅಂದರೆ ಬೆರಳಿಗೆ, ಹಚ್ಚಿಕೊಂಡು ತಿಕ್ಕುವುದು. ಕಮರಿಪೇಟೆಯ ನಮ್ಮ ಓಣಿಯಲ್ಲಿ ಅರ್ಧ ಮಂದಿ ಆಕೆಯ ಗಿರಾಕಿಗಳು. ಪುಕ್ಕಟೆ ಗಿರಾಕಿಗಳು.

ನಾನು ಲ್ಯಾಬಿನವನು. ಒಮ್ಮೆ ಅಂದೆ, "ಇದು ಹಲ್ಲು ಸವಸ್ತೈತಿ. ಬೂದಿ ಅಂದ್ರ ಉಸುಕು ಇದ್ದಂಗ."

"ಅಳದ್ರೇನು?"

"ಇಲ್ಲ."

"ಹಂಗಾರ ಸುಮ್ನ ಕುಂದ್ರ್ರಿ. ಅಳೀರಿ, ಆಮ್ಯಾಲ ಮಾತಾಡ್ರಿ. ನಿಮ್ಮ ಯಂತ್ರಕ್ಕ ಹಾಕಿ ನೋಡ್ರಿ."

"ಅಲ್ಲಿ ಬ್ರಶ್ ಐತಿ. ಬಟ್ಟು ಇಲ್ಲ."

"ಬಟ್ಟು ಇಲ್ಲ, ಬಾಯಿ ಇಲ್ಲ, ಬರೇ ಹಲ್ಲು ತಿಕ್ಕತೈತಿ. ನಾಚಿಕಿ ಇಲ್ಲದ ಯಂತ್ರ!"

ಪುಡಿ ಲ್ಯಾಬಿಗೆ ಒಯ್ಯಲು ನನಗೆ ಸ್ವಲ್ಪ ಅಂಜಿಕೆ. ಆಕೆ ಸೋತರೆ ಮನೆಯಲ್ಲಿ ಕಷ್ಟ. ಗೆದ್ದರೆ ಇನ್ನೂ ಕಷ್ಟ. ಇವತ್ತು ನಾಳೆ ಅಂತ ದಾಟಿಸಿದೆ. ಆಕೆಗೆ ಅದೂ ತಿಳಿದಿತ್ತು.

ನನ್ನ ದವಡೆಯ ಎರಡು ಹಲ್ಲು ಆಗಲೇ ಬಿದ್ದಿದ್ದವು. ಆಕೆ ಇಡೀ ಅಡಕೆ ಕಟಕ್ ಅಂತ ಒಡೆಯುವವಳು. ಬಂದವರ ಮುಂದೆಲ್ಲ ಹೇಳುತ್ತಿದ್ದಳು.

"ನೋಡ್ರಿವಾ, ಅಳೆಯೋರ ಬಾಯಾಗ ಕಿಟಕಿ. ಅಳೀಲಾರದವ್ರ ಬಾಯಿ ಕ್ವಾಟಿ ಗ್ವಾಡಿ."

ಬೆಳೆದ ಹಲ್ಲು

ಲ್ಯಾಬಿನಲ್ಲಿ ನಾವು ಕಡಿಮೆ ಮಂದಿ. ಒಬ್ಬರು ಮೇಡಂ. ಧಾರವಾಡದವರು, ಭಾಳ ಓದಿದವರು, ಎಲ್ಲದಕ್ಕೂ "ವಿಧಾನ ಅಂದ್ರ ವಿಧಾನ" ಅನ್ನುವವರು. ಒಬ್ಬ ಮ್ಯಾನೇಜರು. ಯಾವಾಗಲೂ ಗಡಿಬಿಡಿ. ಒಬ್ಬ ವಾಚಮನ್. ಯಾವಾಗಲೂ ಭಕ್ತಿ.

ಆಯುಧ ಪೂಜೆಯ ದಿನ ವಾಚಮನ್‌ಗೆ ಲ್ಯಾಬಿನ ಕೀಲಿ ಕೊಟ್ಟು ನಾವು ಮನೆಗೆ ಹೋದೆವು. ಅವನು ಪೂಜೆ ಮಾಡಿದ. ಯಂತ್ರಕ್ಕೆ ವಿಭೂತಿ, ಕಂಪ್ಯೂಟರಿಗೆ ವಿಭೂತಿ, ಫ್ರಿಜ್ಜಿಗೆ ವಿಭೂತಿ. ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಮೂರು ಬಟ್ಟಿನ ವಿಭೂತಿ.

ರಜೆ ಮುಗಿಸಿ ಬಂದ ದಿನ ಮೇಡಂ ಬರುವುದು ತಡ ಆಯಿತು. ಪೇಸ್ಟಿನ ಕಂಪನಿಯಿಂದ ಫೋನ್ ಮೇಲೆ ಫೋನ್. ಮ್ಯಾನೇಜರಿಗೆ ತಡೆಯಲಿಲ್ಲ. ಹಬ್ಬಕ್ಕೆ ಮೊದಲು ತಿಕ್ಕಿ ಇಟ್ಟಿದ್ದ ಹಲ್ಲನ್ನು ತಾವೇ ಟೇಪು ಕಿತ್ತು ಸೂಜಿಯ ಕೆಳಗೆ ಇಟ್ಟರು. ಗೆರೆ ಬಂತು. ಮ್ಯಾನೇಜರು ಕುರ್ಚಿಯಿಂದ ಎದ್ದರು.

"ಏ, ಇಲ್ಲಿ ನೋಡ್ರಿ! ತಿಕ್ಕಿದ ಕಡೆ ತಗ್ಗು ಬಿದ್ದಿಲ್ಲ! ದಿನ್ನಿ ಬಂದೈತಿ! ಹಲ್ಲು ಬೆಳದೈತಿ!"

ನಾನು ನೋಡಿದೆ. ಗೆರೆ ಖರೇ ಮೇಲಕ್ಕೆ ಹೋಗಿತ್ತು. ಹಲ್ಲು ಬೆಳೆಸುವ ಪೇಸ್ಟು! ಮ್ಯಾನೇಜರು ಬೆವರು ಒರೆಸಿಕೊಂಡರು. ಕಂಪನಿಗೆ ಫೋನ್ ಹಚ್ಚಿದರು. "ಕುಂತು ಕೇಳ್ರಿ" ಅಂದರು.

ಅಷ್ಟರಲ್ಲಿ ಮೇಡಂ ಬಂದರು. ಬ್ಯಾಗು ಕೆಳಗಿಡದೆ ಹಲ್ಲು ನೋಡಿದರು. ಮೂಸಿ ನೋಡಿದರು. ವಾಚಮನ್‌ನನ್ನು ಕರೆದರು.

"ಹಲ್ಲಿಗೂ ಪೂಜಾ ಮಾಡೀಯೇನು?"

"ಮಾಡೇನ್ರೀ ಮೇಡಂ. ಹೊಟ್ಟಿಗೆ ಹಾಕೋ ಆಯುಧ ಅಲ್ರಿ ಅದು? ವಿಭೂತಿ ಅಷ್ಟ ಹಚ್ಚೇನಿ. ಕುಂಕುಮ ಹಚ್ಚಿದ್ರ ರಗತ ಬಂದಂಗ ಕಾಣ್ತೈತಿ ಅಂತ ಬಿಟ್ಟೆ."

ಬಿಳಿ ಹಲ್ಲು. ಬಿಳಿ ವಿಭೂತಿ. ಒಣಗಿ ಗಟ್ಟಿಯಾಗಿ ಕೂತಿತ್ತು. ಸೂಜಿಗೆ ದೇವರು ಗೊತ್ತಾಗುವುದಿಲ್ಲ. ದಿನ್ನೆ ಅಂತ ತೋರಿಸಿತ್ತು.

ಮ್ಯಾನೇಜರು ಫೋನಿನ ಬಾಯಿ ಮುಚ್ಚಿ ನಿಂತಿದ್ದರು. ಆ ಕಡೆಯಿಂದ ಹಲೋ ಹಲೋ. ಕಡೆಗೆ ಸಣ್ಣ ದನಿಯಲ್ಲಿ ಕೇಳಿದರು, "ಮೇಡಂ, ಆ ವಿಭೂತಿ ಟ್ಯೂಬಿನ್ಯಾಗ ತುಂಬಾಕ ಬರ್ತದೇನ್ರಿ?"

ಸಂಜೆ ನಮ್ಮಾಕಿಗೆ ಹೇಳಿದೆ. ರೊಟ್ಟಿ ಬಡಿಯುವುದು ಭಾಳ ಹೊತ್ತು ನಿಂತಿತು. ಕಣ್ಣು ಒರೆಸಿಕೊಂಡು ಅಂದಳು, "ವಿಭೂತಿ ಅಳದ್ರಿ. ನನ್ನ ಪುಡಿ ಇನ್ನೂ ಅಳೀಲಿಲ್ಲ."

ಅದಾದ ಮೇಲೆ ಆಕೆ ಭಾಳ ದಿನ ಇರಲಿಲ್ಲ.

ಹಲ್ಲಿನಿಂದ ಹಣೆಗೆ

ಆಕೆ ಹೋದ ಮೇಲೆ ಬಚ್ಚಲ ಗೂಡಿನಲ್ಲಿ ಪುಡಿಯ ಡಬ್ಬಿ ಉಳಿಯಿತು. ಅರ್ಧಕ್ಕಿಂತ ಕಡಿಮೆ ಇತ್ತು. ಮತ್ತೆ ಮಾಡುವವರು ಯಾರೂ ಇಲ್ಲ. ಎಷ್ಟು ಹೊಟ್ಟಿಗೆ ಎಷ್ಟು ಪಟಕ ಅಂತ ಆಕೆಯ ಕೈಗಷ್ಟೇ ಗೊತ್ತಿತ್ತು.

ಬಾಜೂ ಮನೆಯ ವೈನಿ ಮಾತನಾಡಿಸಲು ಬಂದರು. ನಮ್ಮಾಕಿಯ ಜೀವದ ಗೆಳತಿ. ಕೂತು ಅತ್ತರು. ಮೂಗು ಒರೆಸಿಕೊಂಡರು. ಮತ್ತೆ ಅತ್ತರು.

"ಎಂಥಾ ಕೈ ಅಣ್ಣಾರ ಆಕೀದು. ಏನ್ ಮಾಡಿದ್ರೂ ಛಲೋ. ರೊಟ್ಟಿ ಛಲೋ. ಪುಡಿ ಛಲೋ." ಮತ್ತೆ ಅತ್ತರು. ಆಮೇಲೆ ಅಳು ನಿಲ್ಲಿಸಿ, "ಪುಡಿ ಒಂದು ಚಮಚಾ ಉಳದೈತೇನ್ರಿ?"

ಇಲ್ಲ ಅಂದೆ. ಕೊಡಲು ಮನಸ್ಸಾಗಲಿಲ್ಲ. ಅವರು ಹೋದ ಮೇಲೆ ಡಬ್ಬಿ ತಂದು ದೇವರ ಜಗಲಿಯ ಮೇಲೆ ಇಟ್ಟೆ. ಅಲ್ಲಿ ಯಾರೂ ಹಲ್ಲುಪುಡಿ ಹುಡುಕುವುದಿಲ್ಲ ಅಂತ ನನ್ನ ಲೆಕ್ಕ.

ಹುಡುಕಲಿಲ್ಲ, ಖರೇ. ವೈನಿ ಸೋಮವಾರ ಸೋಮವಾರ ಬಂದು ನಮ್ಮ ಮನೆಯ ದೇವರಿಗೆ ದೀಪ ಹಚ್ಚುತ್ತಿದ್ದರು. ಡಬ್ಬಿ ತೆರೆದರು. ಬೂದಿ ಬಣ್ಣದ ಪುಡಿ. ಕಣ್ಣು ಮುಚ್ಚಿ ಹಣೆಗೆ ಹಚ್ಚಿಕೊಂಡರು.

ಮುಂದಿನ ಸೋಮವಾರ ಇನ್ನಿಬ್ಬರು ಬಂದರು.

"ಅಣ್ಣಾರ, ಇದು ಯಾವ ಮಠದ ವಿಭೂತಿರಿ? ಹಚ್ಚಿಕೊಂಡ್ರ ಹಣಿ ತಂಪ ಆಗ್ತೈತಿ. ನನ್ನ ತಲಿನೋವು ಹೋತು," ಅಂದರು ವೈನಿ.

ಲವಂಗ, ಪಟಕ. ತಂಪು ಆಗದೆ ಏನು? ಆದರೆ ಹೇಳುವುದು ಹೆಂಗ? ಮೊದಲು ಇಲ್ಲ ಅಂದಿದ್ದೆನಲ್ಲ. ನಮ್ಮಾಕಿಯ ಪುಡಿ ಓಣಿಯ ಮಂದಿಯ ಹಲ್ಲಿನಿಂದ ಹಣೆಗೆ ಏರಿತು. ಡಬ್ಬಿ ಇಳಿಯುತ್ತ ಹೋಯಿತು.

ಒಂದು ಸೋಮವಾರ ವೈನಿ ಹಣೆಗೆ ಹಚ್ಚಿಕೊಂಡು, ಉಳಿದ ಚಿಟಿಕೆಯನ್ನು ಪ್ರಸಾದ ಅಂತ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ತೆರೆದರು. ಬಾಯಿ ಚಪ್ಪರಿಸಿದರು. ನಿಧಾನ ನನ್ನ ಕಡೆ ತಿರುಗಿದರು.

"ಇದು ಆಕೀ ಪುಡಿ ಅಲ್ಲೇನ್ರಿ!"

"ಹೌದ್ರಿ."

"ಇಷ್ಟ ದಿನಾ ನಾ ಹಣಿ ತಿಕ್ಕೊಂಡೆನೇನ್ರಿ?"

"ಹೌದ್ರಿ."

"ನೀವ ಅಂತಿದ್ರಿ ಇದು ಸವಸ್ತೈತಿ ಅಂತ!"

"ಅಂತಿದ್ದೆ."

ವೈನಿ ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡರು. "ಅಯ್ಯ ಶಿವನ! ನನ್ನ ಹಣಿಬರ ಸವದು ಹೋಗಿದ್ರ ಏನ್ ಮಾಡ್ಲಿ? ಮದಲ ಆ ಲ್ಯಾಬಿಗೆ ಒಯ್ದು ನೋಡಿಸ್ರಿ!"

ವಿಧಾನ ಅಂದರೆ ವಿಧಾನ

ಡಬ್ಬಿ ಲ್ಯಾಬಿಗೆ ಒಯ್ದೆ. ಮೇಜಿನ ಮೇಲೆ ಇಟ್ಟೆ. ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಮೇಡಂಗೆ ನಮ್ಮ ಜಗಳ ಗೊತ್ತಿತ್ತು. "ಕಾಕಾ, ಯಂತ್ರಕ್ಕ ಹಾಕಿದ್ರ ಇಷ್ಟೂ ಖರ್ಚಾಗ್ತದ. ಮತ್ತ ಬರೂದಿಲ್ಲ. ಬ್ಯಾಡಂದ್ರ ಬ್ಯಾಡ. ಹಂಗ ಇಟ್ಕೋರಿ."

ವಿಚಾರ ಮಾಡಿದೆ. ಇಟ್ಟುಕೊಂಡರೆ ಪುಡಿ ಉಳಿಯುತ್ತದೆ. ಜಗಳವೂ ಉಳಿಯುತ್ತದೆ. ಹಾಕಿದರೆ ಎರಡೂ ಹೋಗುತ್ತವೆ.

"ಹಾಕಿ ನೋಡ್ರಿ ಅಂದಿದ್ಲರಿ ಆಕಿ," ಅಂದೆ. "ಹಾಕ್ರಿ."

ಇಷ್ಟೂ ಸುರಿಯಲು ಮೇಡಂಗೂ ಮನಸ್ಸಾಗಲಿಲ್ಲ, ಅರ್ಧ ಪುಡಿ ಅಷ್ಟೇ ತೆಗೆದುಕೊಂಡರು. ಯಾವ ಹಲ್ಲು ಇಡೋಣ ಅಂದರು. ಬಸ್ಸಿನ ಅಜ್ಜಿಯ ದವಡೆ ಹಲ್ಲು ಇನ್ನೂ ಬೇರೆ ಸಣ್ಣ ಬರಣಿಯಲ್ಲೇ ಇತ್ತು. ಅಜ್ಜಿಗೆ ಕೊಟ್ಟ ಮಾತು. ದೊಡ್ಡ ಹಲ್ಲು. ಕೊಯ್ದರೆ ಮೂರು ಬಿಲ್ಲೆಗೆ ಸಾಕಾಯಿತು. ಟೇಪು ಹಚ್ಚಿದೆ. ಪುಡಿ ಕಲಸಿದೆ. ಲವಂಗದ ವಾಸನೆ ಬಂತು. ಲ್ಯಾಬು ನಮ್ಮ ಬಚ್ಚಲಿನ ಹಾಗೆ ಆಯಿತು. ಸ್ವಲ್ಪ ಹೊರಗೆ ಹೋಗಿ ನಿಂತು ಬಂದೆ.

ಯಂತ್ರ ತಿಕ್ಕಿತು. ಸೂಜಿ ನಡೆಯಿತು. ಗೆರೆ ಕೆಳಗೆ ಇಳಿಯಿತು. ಇನ್ನೂ ಇಳಿಯಿತು. ಹಲ್ಲಿನ ಮೇಲೆ ಬಂಡಿಯ ಜಾಡು ಬಿದ್ದಿತ್ತು.

ನಾನು ಗೆದ್ದಿದ್ದೆ. ಇಂಥ ಕೆಟ್ಟ ಗೆಲುವು ನಾನು ನೋಡಿರಲಿಲ್ಲ.

ಮೇಡಂ ಗೆರೆ ನೋಡುತ್ತ ಕೂತಿದ್ದರು. ಕೇಳಿದರು, "ಕಾಕಾ, ಅವ್ರು ಯಾವ ಬ್ರಶ್ಶಲೆ ತಿಕ್ಕತಿದ್ರು?"

"ಬ್ರಶ್ ಎಲ್ಲೀದ್ರಿ? ಬಟ್ಟಲೆ."

ಮೇಡಂ ಕುರ್ಚಿ ತಿರುಗಿಸಿದರು. "ಮತ್ತ ನಾವು ಬ್ರಶ್ಶಲೆ ಯಾಕ ತಿಕ್ಕೇವಿ? ತಪ್ಪಾತಿದು. ವಿಧಾನ ಅಂದ್ರ ವಿಧಾನ. ಬಟ್ಟಲೆ ತಿಕ್ಕಿ ಅಳೀಬೇಕು. ಉಳದ ಅರ್ಧ ಪುಡಿ ಐತಲ್ಲ."

"ಯಂತ್ರಕ್ಕ ಬಟ್ಟು ಇಲ್ಲಲ್ರಿ."

ಮೇಡಂ ನನ್ನ ಕೈ ನೋಡಿದರು.

ಹಿಂಗ ಸುರು ಆಯಿತು. ಊಟದ ಬಿಡುವಿನಲ್ಲಿ ಮಾಡ್ರಿ ಅಂದರು ಮ್ಯಾನೇಜರು. ಬಲಗೈಯ ತೋರುಬೆರಳು. ಮೊದಲು ಮೇಡಂ ತೂಕದ ಯಂತ್ರದ ಮೇಲೆ ಬೆರಳು ಒತ್ತಿಸಿ ಕಲಿಸಿದರು. ಜೋರಾತು ಕಾಕಾ. ಈಗ ಕಡಿಮಿ ಆತು. ಹಾಂ, ಇಷ್ಟ ಇರ್ಲಿ. ಆಮೇಲೆ ಹಲ್ಲಿನ ಮೇಲೆ ಹಿಂದಕ್ಕೆ ಮುಂದಕ್ಕೆ. ಯಂತ್ರ ಎಷ್ಟು ಸಲ ತಿಕ್ಕಿತ್ತೋ ಅಷ್ಟು ಸಲ. ಒಂದು ದಿನದ ಕೆಲಸ ಅಲ್ಲ. ನಡುವೆ ಕೈ ನೋಯಿತು. ಎಡಗೈಲೆ ತಿಕ್ಕಲೇನ್ರಿ ಅಂದೆ.

"ಬೆರಳು ಬದಲಿ ಮಾಡಬಾರದು. ವಿಧಾನ ಕೆಡ್ತದ."

ವೇಗ ಒಂದೇ ಇರಬೇಕು ಅಂದರು. ಅದಕ್ಕೆ ವಾಚಮನ್‌ನನ್ನು ಕೂಡಿಸಿದೆವು. ಅವನು ಭಜನೆಯ ಪದ ಹಾಡಿದ. ನಾನು ತಾಳಕ್ಕೆ ತಿಕ್ಕಿದೆ. ಲೆಕ್ಕವೂ ಅವನದೇ. ನೂರು ಆದಾಗೊಮ್ಮೆ ತಾಟಿನಲ್ಲಿ ಒಂದು ಶೇಂಗಾ ಇಡಬೇಕು. ಕಡೆಗೆ ಶೇಂಗಾ ಎಣಿಸಿದರೆ ಆಯಿತು.

ಬುಧವಾರ ಮೇಡಂ ಬಂದು, "ಎಷ್ಟಾತು?" ಅಂದರು.

ವಾಚಮನ್ ತಾಟು ನೋಡಿದ. ಬರೀ ಸಿಪ್ಪೆ ಇತ್ತು.

"ಶೇಂಗಾ ಎಲ್ಲಿ?"

"ಹಾಡ್ಕೋತ ಹಾಡ್ಕೋತ..." ಅವನು ಬಾಯಿ ಒರೆಸಿಕೊಂಡ. "ಲೆಕ್ಕ ತಿಂದೇನ್ರೀ ಮೇಡಂ."

ಮತ್ತೆ ಮೊದಲಿನಿಂದ, ಮೂರನೆಯ ಬಿಲ್ಲೆಯ ಮೇಲೆ. ಉಳಿದ ಪುಡಿ ಅಷ್ಟಕ್ಕೆ ಸಾಕಾಯಿತು. ಈ ಸಲ ಲೆಕ್ಕಕ್ಕೆ ಸಣ್ಣ ಕಲ್ಲು ಇಟ್ಟೆವು. ಡಬ್ಬಿ ಬಡಿದು ಬಡಿದು ಕಡೆಯ ಚಿಟಿಕೆ ಹಾಕಿದೆ. ತಿಕ್ಕಿ ಮುಗಿಸಿದೆ. ಮೇಡಂ ತಾವೇ ಟೇಪು ಕಿತ್ತರು. ಸೂಜಿಯ ಕೆಳಗೆ ಇಟ್ಟರು. ಮ್ಯಾನೇಜರೂ ಬಂದು ನಿಂತರು. ವಾಚಮನ್ ಕೈ ಮುಗಿದು ನಿಂತ.

ಗೆರೆ ಬಂತು. ಟೇಪು ಇದ್ದ ಕಡೆ ಹೆಂಗೋ, ತಿಕ್ಕಿದ ಕಡೆಯೂ ಹಂಗೆ. ಹುಡುಕಿದರೆ ಸ್ವಲ್ಪ ತಗ್ಗು. ಅಷ್ಟೇ.

"ಬ್ರಶ್ಶಲೆ ಕೆಡ್ತದ, ಬಟ್ಟಲೆ ಇಲ್ಲ," ಅಂದರು ಮೇಡಂ. "ಕಾಕಾ, ನೀವೂ ಗೆದ್ರಿ. ಅವ್ರೂ ಗೆದ್ರು."

ನಮ್ಮ ಸಂಸಾರದಲ್ಲಿ ಎಲ್ಲ ಜಗಳವೂ ಹಿಂಗೆ ಮುಗಿಯುತ್ತಿತ್ತು. ಇದೂ ಮುಗಿಯಿತು. ಖಾಲಿ ಡಬ್ಬಿ ಮನೆಗೆ ತಂದೆ. ಜಗಲಿಯ ಮೇಲೆ ಇಟ್ಟೆ. ವೈನಿಗೆ ಗೋಡೆಯ ಈಚೆಯಿಂದಲೇ ಕೂಗಿ ಹೇಳಿದೆ, "ನಿಮ್ಮ ಹಣಿಬರ ಹಂಗ ಐತ್ರಿ! ಏನೂ ಆಗಿಲ್ಲ!"

ಮರುದಿನ ಕೆಲಸಕ್ಕೆ ಹೋದೆ. ನಮ್ಮ ಬಾಗಿಲಿನಲ್ಲಿ ಹಾಜರಿಯ ಯಂತ್ರ ಇದೆ. ಬೆರಳು ಒತ್ತಿದರೆ ಒಳಗಿಂದ ಹೆಣ್ಣುಮಗಳ ದನಿ ಥ್ಯಾಂಕ್ಯೂ ಅನ್ನುತ್ತದೆ. ಆಮೇಲೆ ಬಾಗಿಲು ತೆರೆಯುತ್ತದೆ. ಒತ್ತಿದೆ.

"ಪ್ಲೀಸ್ ಟ್ರೈ ಅಗೇನ್."

ಅಂಗಿಗೆ ಒರೆಸಿ ಒತ್ತಿದೆ.

"ಪ್ಲೀಸ್ ಟ್ರೈ ಅಗೇನ್."

ವಾಚಮನ್ ಬಂದು ನನ್ನ ಬೆರಳು ಬಿಸಿಲಿಗೆ ಹಿಡಿದು ನೋಡಿದ. "ಕಾಕಾ, ನಿಮ್ಮ ಬಟ್ಟಿನ ಗೆರಿ ಎಲ್ಲಿ?"

ನೋಡಿದೆ. ಗೆರೆ ಇಲ್ಲ. ಬೆರಳಿನ ತುದಿ ಅಡಕೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ಗದ್ದಲ ಕೇಳಿ ಮೇಡಂ ಬಂದರು. ಬೆರಳು ನೋಡಿದರು. ನಗಬಾರದು ಅಂತ ತಡೆದರು. ಆಗಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ನಕ್ಕರು.

"ಕಾಕಾ, ನಿಮ್ಮಾಕೀ ಪುಡಿ ಹಲ್ಲು ಸವಸೂದಿಲ್ಲರಿ. ಗಂಡನ್ನ ಸವಸ್ತದ!"

ನಾನೂ ನಕ್ಕೆ. ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ.

ಬ್ಯಾರೆ ಬಟ್ಟು ಹಚ್ಚೋಣ ಅಂದ ವಾಚಮನ್. ಯಂತ್ರಕ್ಕೆ ಹೊಸ ಬೆರಳು ಕಲಿಸುವವರು ಬೆಂಗಳೂರಿನಿಂದ ಬರಬೇಕು. ಮ್ಯಾನೇಜರು ಕೈ ಆಡಿಸಿದರು. "ಹಾಜರಿ ಇಲ್ದ ಒಳಗ ಬಿಡಂಗಿಲ್ಲರಿ. ಗೆರಿ ಬೆಳಿಯೂತನಕ ರಜಾ ತಗೋರಿ. ಕಾರಣ ಏನಂತ ಬರೀಲಿ?"

ವಿಚಾರ ಮಾಡಿದೆ. "ನಮ್ಮಾಕಿ ಬಾ ಅಂದಾಳ ಅಂತ ಬರೀರಿ."

ವಾಚಮನ್ ಗಾಬರಿಯಾಗಿ ನನ್ನ ರಟ್ಟೆ ಹಿಡಿದುಕೊಂಡ. "ಕಾಕಾ! ಬಿಡ್ತು ಅನ್ರಿ! ಹಂಗೆಲ್ಲಾ ಹೋಗಬ್ಯಾಡ್ರಿ!"

"ಮನೀಗೆ ಹೊಂಟೇನೋ ಮಾರಾಯ," ಅಂದೆ. "ಕಮರಿಪೇಟಿಗೆ."

ಕೆಲಸದ ದಿನ. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಬಸ್ಸು ಖಾಲಿ ಇತ್ತು. ಮನೆಗೆ ಬಂದು ಬಾಗಿಲು ತೆರೆದೆ. ಆ ಹೊತ್ತಿನ ಬಿಸಿಲು ನಮ್ಮ ಅಡುಗೆಮನೆಯಲ್ಲಿ ಎಲ್ಲಿ ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಲೆಯ ಹತ್ತಿರ ಬೀಳುತ್ತದೆ. ಆಕೆ ಕೂತುಕೊಳ್ಳುವ ಜಾಗದಲ್ಲಿ.

ಗೋಡೆಯ ಆಚೆಯಿಂದ ವೈನಿ ಇಣುಕಿದರು. "ಅಣ್ಣಾರ, ಇದೇನ್ರಿ, ಇಷ್ಟೊತ್ತಿನ್ಯಾಗ ಮನ್ಯಾಗ? ಆರಾಮ ಇಲ್ಲೇನು?"

"ಆರಾಮ ಅದೀನ್ರಿ. ನಮ್ಮಾಕಿ ರಜಾ ಹಾಕಿಸ್ಯಾಳ."

ಬೆರಳು ತೋರಿಸಿದೆ. ಕತೆ ಹೇಳಿದೆ. ವೈನಿ ನಕ್ಕರು, ಅತ್ತರು, ಎರಡೂ ಕೂಡಿಯೇ ಮಾಡಿದರು. ಒಳಗೆ ಹೋಗಿ ಹಂಚಿನ ಮೇಲಿನ ಬಿಸಿ ರೊಟ್ಟಿ ತಂದು ಗೋಡೆಯ ಮೇಲಿಂದ ಕೊಟ್ಟರು. ಉಬ್ಬಿದ ರೊಟ್ಟಿ. ಹಬೆ ಬರುತ್ತಿತ್ತು. ಒಂದು ತುಣುಕು ಮುರಿದು ಬಾಯಿಗೆ ಇಟ್ಟೆ. ಮೆತ್ತಗಿತ್ತು. ಛಲೋ ಇತ್ತು.

ಉಳಿದದ್ದನ್ನು ಊಟದ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಬಾಜೂಕೆ ಇಟ್ಟುಕೊಂಡು ಕೂತೆ. ಆಕೆ ಕಟ್ಟುತ್ತಿದ್ದ ಡಬ್ಬಿಯ ರೊಟ್ಟಿಯ ಹಾಗೆ ಗಟ್ಟಿ ಆಗುವತನಕ ಕಾದೆ. ಆಮೇಲೆ ತಿಂದೆ.